ಗಲ್ಲ ಸ್ವಲ್ಪ ಕೆಳಗೆ

ಮೇಷ್ಟ್ರು ಕೊಟ್ಟ ಪಟ್ಟಿಯಲ್ಲಿ ನಾಲ್ಕು ಹೆಸರು,
ನಾಲ್ಕೂ ನನ್ನ ನಾಲಿಗೆಗೆ ಕೂರದವು.
ವಾರಕ್ಕೊಬ್ಬರ ಕಣ್ಣು ಕಡ ತಗೊಂಡು
ನಿನ್ನೂರನ್ನೇ ನೋಡಿ ಬಾ ಎಂದರು.
ನನ್ನೂರು ಸುಂಟಿಕೊಪ್ಪ.
ನೋಡಿ ನೋಡಿ ಸವೆದದ್ದು.

ಮೊದಲನೆಯವನು ಕಾಯುವವನು.
ಗೋಡೆ, ಬೆಳಕು, ನೆರಳು ಹೊಂದಿಸಿಟ್ಟು
ಮನುಷ್ಯ ತಾನಾಗಿ ಬಂದು ಬೀಳಲಿ ಎಂದು
ಗಾಳ ಬಿಟ್ಟವನ ಹಾಗೆ ಕೂರುವವನು.
ನಾನೂ ಕೂತೆ ಬೇಕರಿ ಕಟ್ಟೆಯ ಮೇಲೆ.
ಎದುರು ಗೋಡೆಯಲ್ಲಿ ಸಿಮೆಂಟು ಕಂಪೆನಿಯ ಆನೆ,
ಬಣ್ಣ ಉದುರಿದ ಸೊಂಡಿಲು ರಸ್ತೆಗೆ ಚಾಚಿ.
ಒಂದು ಪಫ್ಸು ಮುಗಿಯಿತು. ಇನ್ನೊಂದೂ.
‘ಯಾವ ಬಸ್ಸಿಗೆ ಕಾಯ್ತಿದ್ದಿ?’
ಎದುರಿಗೇ ಬಂದು ನಿಂತರು ಪೋಸ್ಟಿನ ತಿಮ್ಮಯ್ಯ.
ಯಾವ ಬಸ್ಸಿಗೂ ಅಲ್ಲ ಅಂದೆ.
‘ಹಾಗಂದ್ರೆ? ಮಾದಾಪುರದ್ದು ಹೋಯ್ತಲ್ಲ!’
ಅವರ ಹೆಗಲಾಚೆ ಆಗಲೇ
ತಲೆಯಲ್ಲಿ ಹಸಿಹುಲ್ಲಿನ ಕಟ್ಟು ಹೊತ್ತ ಹುಡುಗಿ
ಸೊಂಡಿಲ ತುದಿಗೆ ಸರಿಯಾಗಿ ಹುಲ್ಲು ನೀಡಿ
ದಾಟಿ ಹೋದಳು.
ನನ್ನ ಬಳಿ ಇರುವುದು
ತಿಮ್ಮಯ್ಯನವರ ಅಂಗಿಯ ಎರಡನೇ ಗುಂಡಿ.

ಎರಡನೆಯವಳು ನುಗ್ಗುವವಳು.
ಹತ್ತಿರ, ಇನ್ನೂ ಹತ್ತಿರ, ಮುಖಕ್ಕೇ ಮಿಂಚು.
ಭಾನುವಾರದ ಸಂತೆಯಲ್ಲಿ
ಒಣಮೀನಿನ ಅಬ್ದುಲ್ಲಾಕ ಕಣ್ಣುಜ್ಜಿಕೊಂಡು
‘ಕುರುಡ ಮಾಡ್ತೀಯಾ ಮಾರಾಯ್ತಿ?
ಮೊದಲು ಏನಾದ್ರೂ ತಗೋ, ಆಮೇಲೆ ಹೊಡಿ.’
ಅರ್ಧ ಕಿಲೋ ಸಿಗಡಿ ಕೊಂಡೆ.
ಆಮೇಲಿನ ಪಟದಲ್ಲಿ ಅವರು ವ್ಯಾಪಾರಿ,
ನಾನು ಗಿರಾಕಿ.
ನುಗ್ಗಿದ್ದು ಯಾರು ಯಾರ ಮೇಲೆ
ಎಂಬುದು ಪಟ ನೋಡಿದರೆ ತಿಳಿಯುವುದಿಲ್ಲ.
ಕ್ಯಾಮೆರಾ ಚೀಲ ಇವತ್ತಿಗೂ ನಾರುತ್ತದೆ.

ಮೂರನೆಯವನದು ಮಬ್ಬುಗಾಜು, ಒಂದು ಚೂರು ಕೆಂಪು.
ಮಂಜು ಇಲ್ಲಿ ಪುಕ್ಕಟೆ.
ಒಂದೇ ಬೆಳಗ್ಗೆಗೆ ಮುಗಿಯಿತು.
‘ಹೋಂಸ್ಟೇ ಕ್ಯಾಲೆಂಡರ್’ ಅಂದ ತಮ್ಮ.

ನಾಲ್ಕನೆಯವನು ನೆಟ್ಟಗೆ ನಿಲ್ಲಿಸುವವನು.
ನಗು ಬೇಡ, ಅಳು ಬೇಡ,
ಕಸುಬು, ಕೈ, ಮುಖ, ಹಿಂದೆ ಖಾಲಿ ಬಟ್ಟೆ.
ಕಾಫಿ ಕಣದ ಅಂಚಿನಲ್ಲಿ
ಅಪ್ಪನ ಬಿಳಿ ಪಂಚೆ ಕಟ್ಟಿದೆ.
ಒಣಗಿದ ಚೆರ್ರಿಯ ಹುಳಿವಾಸನೆ, ಹತ್ತೂವರೆಯ ಬಿಸಿಲು.
ಹೆಂಗಸರು ಹಲಗೆ ಎಳೆಯುವುದನ್ನು ಬಿಟ್ಟು
ತಲೆವಸ್ತ್ರ ಬಿಚ್ಚಿ ಕೂದಲು ತೀಡಿಕೊಂಡರು.
ನಾನು ಬಾಯಿ ತೆರೆಯುವ ಮೊದಲೇ
ಬೋಜಿ ನಿಂತಾಗಿತ್ತು:
ಹಿಮ್ಮಡಿ ಕೂಡಿಸಿ, ಉಸಿರು ಹಿಡಿದು,
ಗಲ್ಲ ಸ್ವಲ್ಪ ಕೆಳಗೆ,
ಬಲಗೈ ಗಾಳಿಯಲ್ಲಿ ಸೊಂಟದೆತ್ತರಕ್ಕೆ,
ಇಲ್ಲದ ಕುರ್ಚಿಯೊಂದರ ಬೆನ್ನ ಮೇಲೆ.
ಸೆಲ್ವಿಯೂ ಹಾಗೆಯೇ. ಲೀಲಕ್ಕನೂ.

ಆ ಕುರ್ಚಿ ನನಗೆ ಗೊತ್ತು.
ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ
ಕುಞ್ಞಂಬುವಿನ ಲಕ್ಕಿ ಸ್ಟುಡಿಯೋ:
ಬೋರಲು ಬಿದ್ದ ಪೌಡರ್ ಡಬ್ಬ,
ದಾರದಲ್ಲಿ ಕಟ್ಟಿದ ಬಾಚಣಿಗೆ,
ಪರದೆಯಲ್ಲೊಂದು ಎಂದೂ ಸದ್ದು ಮಾಡದ ಜಲಪಾತ.
‘ಗಲ್ಲ ಸ್ವಲ್ಪ ಕೆಳಗೆ, ಮೋಳೆ. ಉಸಿರು ಬೇಡ.’
ಹಾಲ್‌ಟಿಕೆಟ್ಟಿನಲ್ಲಿ ನಾನೂ
ಅವನು ಹೇಳಿದಷ್ಟೇ ತಗ್ಗಿದ್ದೇನೆ.
ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ.
ಕುರ್ಚಿ ಏನಾಯಿತೋ.
ಮೇಷ್ಟ್ರ ಪಟ್ಟಿಯಲ್ಲಿ ಅವನಿಲ್ಲ.

ಪ್ರಿಂಟು ನೋಡಿ ಬೋಜಿ ಕೇಳಿದಳು:
‘ಕಾಲು, ಹಲಗೆ ಎಲ್ಲ ಯಾಕೆ ತೆಗೆದೆ?
ಕಾರ್ಡಿಗೆ ತಲೆ ಸಾಕಲ್ಲ. ನಾಲ್ಕು ಕಾಪಿ ಬೇಕು.’
ಕಣದ ಕಟ್ಟೆಯಲ್ಲಿ ಕೂತು
ಕತ್ತರಿ ಹಿಡಿದು, ನಾಲ್ಕರಿಂದ ನಾಲ್ಕು ತಲೆ ತೆಗೆದುಕೊಟ್ಟೆ.
ಸೆರಗಿನ ತುದಿಗೆ ಗಂಟು ಹಾಕಿಕೊಂಡು
ಕಾಫಿ ಎಳೆಯಲು ಹೋದಳು.

ಉಳಿದವು ನನ್ನ ಫೈಲಿನಲ್ಲಿವೆ:
ಕತ್ತಿನ ಕೆಳಗಿನ ಬೋಜಿ,
ಬಿರಿದ ಹಿಮ್ಮಡಿ,
ಏನನ್ನೂ ಹಿಡಿಯದೆ ಗಟ್ಟಿಯಾಗಿ ಹಿಡಿದ ಕೈ.
ಯಾರ ಶೈಲಿ ಎಂಬಲ್ಲಿ
ಕುಞ್ಞಂಬು ಎಂದು ಬರೆದೆ.
ಞ ಬರೆಯಲು ಎರಡು ಸಲ ತಪ್ಪಿತು.